ವಿದ್ಯುನ್ಮಾನ ವ್ಯವಹಾರ ಮತ್ತು ಸಹಿಗಳ ಕಾನೂನು ಮಾನ್ಯತೆ: ಚಾಮರಾಜನಗರ, ಗುಂಡ್ಲುಪೇಟೆ

ಕಾಗದದ ಬರಹಕ್ಕೂ ಮಸಿಯ ರುಜುವಿಗೂ ಇರುವ ಕಾನೂನಿನ ಬೆಲೆಯನ್ನು ಕಂಪ್ಯೂಟರು, ಮೊಬೈಲುಗಳಲ್ಲಿ ಹುಟ್ಟುವ ದಾಖಲೆಗೂ ಅದರ ದೃಢೀಕರಣಕ್ಕೂ ಕೊಡುವ ವ್ಯವಸ್ಥೆಗೆ ವಿದ್ಯುನ್ಮಾನ ವ್ಯವಹಾರ ಮತ್ತು ಸಹಿಗಳ ಕಾನೂನು ಮಾನ್ಯತೆ ಎನ್ನುತ್ತಾರೆ. ಭಾರತದಲ್ಲಿ ಇದರ ಮೂಲ ಕಾನೂನು ಮಾಹಿತಿ ತಂತ್ರಜ್ಞಾನ ಕಾಯಿದೆ, 2000. ದೊಡ್ಡ ನಗರಗಳಲ್ಲಿ ಈ ಕಾಯಿದೆ ಮೊದಲು ಬಳಕೆಗೆ ಬಂದದ್ದು ಕಂಪನಿಗಳ, ಬ್ಯಾಂಕುಗಳ ಮೂಲಕ. ಚಾಮರಾಜನಗರ ಜಿಲ್ಲೆಯಂಥ ಕೃಷಿಪ್ರಧಾನ ಪ್ರದೇಶಕ್ಕೆ ಅದು ಬಂದದ್ದು ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಅರಿಸಿನದ ಇ-ಟೆಂಡರು, ಜಮೀನಿನ ನೋಂದಣಿ, ಅಂಗಡಿಯ ಕ್ಯುಆರ್ ಕೋಡುಗಳ ರೂಪದಲ್ಲಿ. ಮೈಸೂರು ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಈ ಜಿಲ್ಲೆ ಕೇರಳ, ತಮಿಳುನಾಡುಗಳೆರಡಕ್ಕೂ ಹೊಂದಿಕೊಂಡಿದೆ. ಹೀಗಾಗಿ ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದರಲ್ಲಿ ಮುಗಿಯುವ ವ್ಯವಹಾರಗಳೂ ಇಲ್ಲಿ ನಿತ್ಯದವು.

ಹಿನ್ನೆಲೆ

ಸಹಿ ಎಂದರೆ ಅಕ್ಷರದಲ್ಲಿ ಹೆಸರು ಬರೆಯುವುದೇ ಆಗಬೇಕೆಂದು ಭಾರತದ ಕಾನೂನು ಹಿಂದೆಯೂ ಹೇಳಿರಲಿಲ್ಲ. 1897ರ ಜನರಲ್ ಕ್ಲಾಸಸ್ ಕಾಯಿದೆ ಹೆಸರು ಬರೆಯಲಾರದವರು ಹಾಕುವ ಗುರುತನ್ನೂ ಸಹಿಯ ಲೆಕ್ಕಕ್ಕೇ ಸೇರಿಸಿತು. ಸಾಲದ ಪತ್ರಕ್ಕೂ ಕ್ರಯಪತ್ರಕ್ಕೂ ಹೆಬ್ಬೆಟ್ಟು ಒತ್ತುವ ಪದ್ಧತಿ ಈ ತತ್ವದ ಮೇಲೆಯೇ ನಿಂತಿತ್ತು. 1872ರ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಾಮಾನ್ಯವಾಗಿ ಊರ್ಜಿತ. ಆದರೂ ಕಂಪ್ಯೂಟರಿನ ದಾಖಲೆ ಹೊಸ ತೊಡಕುಗಳನ್ನು ತಂದಿತು. ಅದರಲ್ಲಿ ಮೂಲಪ್ರತಿ, ನಕಲು ಎಂಬ ಭೇದವಿಲ್ಲ. ತಿದ್ದಿದರೆ ಕಾಗದದ ಮೇಲಿನಂತೆ ಗುರುತು ಉಳಿಯುವುದಿಲ್ಲ. ಕಳಿಸಿದವರು ಯಾರೆಂದು ಕೈಬರಹ ನೋಡಿ ಹೇಳುವಂತಿಲ್ಲ.

ಅಮೆರಿಕದ ಯೂಟಾ ರಾಜ್ಯ 1995ರಲ್ಲಿ ಡಿಜಿಟಲ್ ಸಹಿಗೆಂದೇ ಕಾನೂನು ಮಾಡಿತು. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವು 1996ರಲ್ಲಿ ವಿದ್ಯುನ್ಮಾನ ವಾಣಿಜ್ಯದ ಮಾದರಿ ಕಾನೂನನ್ನು ಅಂಗೀಕರಿಸಿತು. ವಿಶ್ವಸಂಸ್ಥೆಯ ಮಹಾಸಭೆ 1997ರ ಜನವರಿ 30ರ ನಿರ್ಣಯದಲ್ಲಿ ಸದಸ್ಯ ರಾಷ್ಟ್ರಗಳು ಇದನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ಶಿಫಾರಸು ಮಾಡಿತು. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವ ದಾಖಲೆಯನ್ನೂ ತಳ್ಳಿಹಾಕಬಾರದು, ಕಾಗದ ಮಾಡುತ್ತಿದ್ದ ಕೆಲಸವನ್ನು ಅದು ಮಾಡಿದರೆ ಕಾಗದದ ಸ್ಥಾನ ಅದಕ್ಕೂ ಸಲ್ಲಬೇಕು ಎಂಬುದು ಆ ಮಾದರಿಯ ತಿರುಳು. ಐರೋಪ್ಯ ಒಕ್ಕೂಟ 1999ರಲ್ಲಿ, ಅಮೆರಿಕದ ಸಂಯುಕ್ತ ಸರ್ಕಾರ 2000ದಲ್ಲಿ ತಂತಮ್ಮ ಕಾನೂನುಗಳನ್ನು ತಂದವು. ಭಾರತದ ಕಾಯಿದೆಗೆ 2000ದ ಜೂನ್ 9ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, ಅಕ್ಟೋಬರ್ 17ರಿಂದ ಅದು ಜಾರಿಗೆ ಬಂತು.

ಕಾಯಿದೆಯ ಚೌಕಟ್ಟು

ಕಾಯಿದೆಯ 4ನೆಯ ಕಲಂ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಡುತ್ತದೆ. ಯಾವುದಾದರೂ ಕಾನೂನು ಒಂದು ಸಂಗತಿ ಬರಹದಲ್ಲಿರಬೇಕು ಎಂದರೆ, ಮುಂದೆ ತೆಗೆದು ನೋಡಲು ಸಿಗುವಂತಿರುವ ವಿದ್ಯುನ್ಮಾನ ದಾಖಲೆಯಿಂದಲೂ ಆ ಷರತ್ತು ಪೂರೈಸುತ್ತದೆ. ಸಹಿಯ ವಿಷಯದಲ್ಲಿ ಇದೇ ಮಾತನ್ನು 5ನೆಯ ಕಲಂ ಹೇಳುತ್ತದೆ. ಸರ್ಕಾರಿ ಕಚೇರಿಗಳು ಅರ್ಜಿ ಪಡೆಯುವುದು, ಪರವಾನಗಿ ಕೊಡುವುದು, ಹಣ ಕಟ್ಟಿಸಿಕೊಳ್ಳುವುದು ಇವನ್ನೆಲ್ಲ ಈ ರೂಪದಲ್ಲಿ ನಡೆಸಲು 6ನೆಯ ಕಲಂ ಅವಕಾಶ ಕೊಟ್ಟಿದೆ. ಆದರೆ ಈ ಅವಕಾಶವನ್ನೇ ಹಿಡಿದು, ತನ್ನ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲೇ ಸ್ವೀಕರಿಸಬೇಕೆಂದು ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕು ಯಾರಿಗೂ ಹುಟ್ಟುವುದಿಲ್ಲವೆಂದು 9ನೆಯ ಕಲಂ ಸ್ಪಷ್ಟಪಡಿಸುತ್ತದೆ. ಇಲಾಖೆಯಿಂದ ಇಲಾಖೆಗೆ ಪದ್ಧತಿ ಬೇರೆಯಾಗಿರಲು ಇದೂ ಒಂದು ಕಾರಣ.

2008ರ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಗೆ ಬಂದು ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. ಮೊದಲನೆಯದು, ಒಂದೇ ತಂತ್ರಕ್ಕೆ ಕಟ್ಟುಬಿದ್ದಿದ್ದ ಡಿಜಿಟಲ್ ಸಹಿಯ ಜೊತೆಗೆ ಇನ್ನೂ ವಿಶಾಲವಾದ ವಿದ್ಯುನ್ಮಾನ ಸಹಿ ಎಂಬ ವರ್ಗ 3ಎ ಕಲಮಿನ ಮೂಲಕ ಸೇರಿತು. ಎರಡನೆಯದು 10ಎ ಕಲಂ: ಪ್ರಸ್ತಾಪ, ಒಪ್ಪಿಗೆಗಳು ವಿದ್ಯುನ್ಮಾನ ಮಾರ್ಗದಲ್ಲಿ ನಡೆದವು ಎಂಬ ಕಾರಣಕ್ಕಷ್ಟೇ ಕರಾರು ಅಸಿಂಧುವಾಗುವುದಿಲ್ಲ. ಇ-ಮೇಲ್ ಮೂಲಕ ಕುದುರಿದ ಒಪ್ಪಂದವನ್ನು ಸುಪ್ರೀಂ ಕೋರ್ಟ್ 2010ರ ಟ್ರೈಮೆಕ್ಸ್–ವೇದಾಂತ ಪ್ರಕರಣದಲ್ಲಿ ಎತ್ತಿಹಿಡಿಯಿತು. ಸಾಲ ಬಾಕಿಯಿದೆಯೆಂದು ಇ-ಮೇಲಿನಲ್ಲಿ ಒಪ್ಪಿಕೊಂಡರೆ ಅದು ಕಾಲಮಿತಿ ಕಾಯಿದೆಯ 18ನೆಯ ಕಲಮಿನ ಪ್ರಕಾರ ಲಿಖಿತ ಒಪ್ಪಿಗೆಯೇ ಆಗುತ್ತದೆಂದು ಕರ್ನಾಟಕ ಹೈಕೋರ್ಟ್ 2013ರ ಸುದರ್ಶನ್ ಕಾರ್ಗೋ ಪ್ರಕರಣದಲ್ಲಿ ಹೇಳಿತು.

ಸಹಿಯ ತಂತ್ರ

ಡಿಜಿಟಲ್ ಸಹಿ ಒಂದು ಜೋಡಿ ಕೀಲಿಗಳಿಂದ ಕೆಲಸ ಮಾಡುತ್ತದೆ. ಒಂದು ಸಹಿದಾರರ ಬಳಿಯೇ ಇರಬೇಕಾದ ಗುಟ್ಟಿನ ಕೀಲಿ, ಇನ್ನೊಂದು ಎಲ್ಲರಿಗೂ ತೆರೆದ ಕೀಲಿ. ಮೊದಲು ಇಡೀ ದಾಖಲೆಯನ್ನು ಗಣಿತದ ಸೂತ್ರಕ್ಕೆ ಒಡ್ಡಿ ಹ್ಯಾಶ್ ಎಂಬ ಗಿಡ್ಡ ಸಂಖ್ಯೆ ತೆಗೆಯುತ್ತಾರೆ. ದಾಖಲೆಯಲ್ಲಿ ಒಂದು ಅಂಕಿ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆ ಸಂಖ್ಯೆಯ ಮೇಲೆ ಗುಟ್ಟಿನ ಕೀಲಿಯನ್ನು ಪ್ರಯೋಗಿಸಿದಾಗ ಸಹಿ ಹುಟ್ಟುತ್ತದೆ. ಓದುವವರು ತೆರೆದ ಕೀಲಿಯಿಂದ ಅದನ್ನು ತಾಳೆ ನೋಡುತ್ತಾರೆ. ಹೀಗಾಗಿ ಪ್ರತಿ ದಾಖಲೆಯ ಡಿಜಿಟಲ್ ಸಹಿಯೂ ಬೇರೆ ಬೇರೆ. ಒಂದು ಕಡತದಿಂದ ಕತ್ತರಿಸಿ ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ. ಮಸಿಯ ಸಹಿಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಕೂರಿಸಿದರೆ ಅದು ಡಿಜಿಟಲ್ ಸಹಿಯಾಗುವುದಿಲ್ಲ.

ತೆರೆದ ಕೀಲಿ ಇಂಥವರದೇ ಎಂದು ಖಾತರಿ ನೀಡುವುದು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳ ಕೆಲಸ. ಕೇಂದ್ರ ಸರ್ಕಾರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಇವುಗಳ ಮೇಲ್ವಿಚಾರಕರು. ಬೆಂಗಳೂರಿನ ಇಮುದ್ರಾ, ಸರ್ಕಾರಿ ವಲಯದ ಸಿ-ಡ್ಯಾಕ್ ಇಂಥ ಸಂಸ್ಥೆಗಳು. ಸಹಿದಾರರಿಗೆ ಸಿಗುವುದು ಪೆನ್‌ಡ್ರೈವ್ ಹೋಲುವ ಒಂದು ಟೋಕನ್ ಮತ್ತು ಅದರ ಪಾಸ್‌ವರ್ಡ್. ಪ್ರಮಾಣಪತ್ರಕ್ಕೆ ಅವಧಿಯಿರುತ್ತದೆ, ಮುಗಿದ ಮೇಲೆ ನವೀಕರಿಸಬೇಕು. ತಾಲ್ಲೂಕು ಮಟ್ಟದಲ್ಲಿ ಇಂಥ ಟೋಕನ್ ಇರುವುದು ಅಧಿಕಾರಿಗಳಲ್ಲದೆ ಮುಖ್ಯವಾಗಿ ಸರ್ಕಾರಿ ಟೆಂಡರು ಹಾಕುವ ಗುತ್ತಿಗೆದಾರರು, ಲೆಕ್ಕಪರಿಶೋಧಕರು ಮತ್ತು ಕಂಪನಿ ನಿರ್ದೇಶಕರ ಬಳಿ.

ಟೋಕನ್ ಇಲ್ಲದ ಸಾಮಾನ್ಯರಿಗೆ 2015ರ ಜನವರಿಯ ನಿಯಮಗಳು ಇ-ಸೈನ್ ಎಂಬ ದಾರಿ ತೆರೆದವು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಅಥವಾ ಬೆರಳಚ್ಚಿನಿಂದ ವ್ಯಕ್ತಿಯ ಗುರುತು ಖಚಿತವಾದ ಮೇಲೆ ಆ ಒಂದು ಸಹಿಗಷ್ಟೇ ಕೀಲಿ ಸೃಷ್ಟಿಯಾಗಿ ಅಲ್ಲಿಗೇ ಮುಗಿಯುತ್ತದೆ.

ಹೊರಗುಳಿದ ದಸ್ತಾವೇಜುಗಳು

ಕಾಯಿದೆಯ ಮೊದಲ ಅನುಸೂಚಿ ಕೆಲವು ದಸ್ತಾವೇಜುಗಳನ್ನು ಹೊರಗಿಟ್ಟಿದೆ. ಚೆಕ್ ಹೊರತಾದ ವರ್ಗಾವಣೀಯ ಪತ್ರಗಳು, ಮುಖ್ತಾರುನಾಮೆ, ನ್ಯಾಸಪತ್ರ, ಉಯಿಲು ಮತ್ತು ಸ್ಥಿರಾಸ್ತಿಯ ಮಾರಾಟದ ಕರಾರು ಅಥವಾ ಕ್ರಯ ಇವು ಮೂಲ ಪಟ್ಟಿಯಲ್ಲಿದ್ದವು. 2022ರ ಸೆಪ್ಟೆಂಬರಿನ ಅಧಿಸೂಚನೆ ಅಕ್ಟೋಬರ್ 4ರಿಂದ ಈ ಪಟ್ಟಿಯನ್ನು ಸಡಿಲಿಸಿತು. ಸ್ಥಿರಾಸ್ತಿಯ ಬಾಬು ಪಟ್ಟಿಯಿಂದ ಹೋಯಿತು. ರಿಸರ್ವ್ ಬ್ಯಾಂಕ್ ಮೊದಲಾದ ನಿಯಂತ್ರಕರ ಅಧೀನದ ಸಂಸ್ಥೆಗಳ ಪರವಾಗಿ ಬರೆದುಕೊಡುವ ಬೇಡಿಕೆ ವಚನಪತ್ರ, ಮುಖ್ತಾರುನಾಮೆಗಳಿಗೂ ವಿದ್ಯುನ್ಮಾನ ರೂಪ ಸಲ್ಲುವಂತಾಯಿತು. ಉಯಿಲು ಮತ್ತು ನ್ಯಾಸಪತ್ರ ಹೊರಗೇ ಉಳಿದವು. ಮಕ್ಕಳಿಗೆ ಜಮೀನು ಹಂಚಿ ಮೊಬೈಲಿನಲ್ಲಿ ಬರೆದಿಟ್ಟ, ವಿಡಿಯೊ ಮಾಡಿಟ್ಟ ಇಚ್ಛೆಗೆ ಉಯಿಲಿನ ಬಲವಿಲ್ಲ. ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಮಾಡಿದ ಉಯಿಲೇ ಬೇಕು.

ಭೂಮಿ ಯೋಜನೆ ಮತ್ತು ಪಹಣಿ

ಕರ್ನಾಟಕದ ಹಳ್ಳಿಗರಿಗೆ ಕಂಪ್ಯೂಟರ್ ದಾಖಲೆಯ ಮೊದಲ ಪರಿಚಯವಾದದ್ದು ಭೂಮಿ ಯೋಜನೆಯಿಂದ. 2001ರಲ್ಲಿ ಆರಂಭವಾದ ಈ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಬದಲಾಗಿ ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಅದರ ಮೇಲೆ ಆಗ ಇರುತ್ತಿದ್ದುದು ಮಸಿಯ ಸಹಿಯೇ. ಆದರೆ ಒಳಗೆ ದತ್ತಾಂಶ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕಿತ್ತು. ಯಾವ ನಮೂದನ್ನು ಯಾರು ಮಾಡಿದರೆಂಬ ಜಾಡು ಉಳಿಯುತ್ತಿತ್ತು. ಮುಂದೆ ಡಿಜಿಟಲ್ ಸಹಿಯ ಪಹಣಿ ಅಂತರ್ಜಾಲದಲ್ಲೇ ಸಿಗುವಂತಾದಾಗ ಗುಂಡ್ಲುಪೇಟೆಯ ರೈತರು ಬೆಳೆಸಾಲಕ್ಕೆ, ವಿಮೆಗೆ ಬೇಕಾದ ಪಹಣಿಯನ್ನು ಹತ್ತಿರದ ಸೇವಾಕೇಂದ್ರದಲ್ಲೇ ತೆಗೆಸಿಕೊಳ್ಳಲು ಸಾಧ್ಯವಾಯಿತು.

ಪಹಣಿಯ ಕಾನೂನು ಬಲ ಎರಡು ಬೇರೆ ಮೂಲಗಳಿಂದ ಬರುತ್ತದೆ. ಅದು ಕಂದಾಯ ಇಲಾಖೆಯಿಂದಲೇ ಹೊರಟಿದೆ, ನಡುವೆ ಯಾರೂ ತಿದ್ದಿಲ್ಲ ಎಂಬುದಕ್ಕೆ ಡಿಜಿಟಲ್ ಸಹಿ ಆಧಾರ. ಅದರಲ್ಲಿರುವ ಹೆಸರು, ವಿಸ್ತೀರ್ಣ, ಬೆಳೆಗಳ ವಿವರಕ್ಕೆ ಆಧಾರ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಕಲಂ. ತಪ್ಪೆಂದು ಸಾಬೀತಾಗುವವರೆಗೆ ಆ ನಮೂದುಗಳನ್ನು ನಿಜವೆಂದು ಭಾವಿಸಬೇಕು ಎನ್ನುತ್ತದೆ ಅದು. ಸಹಿ ಸರಿಯಿದ್ದ ಮಾತ್ರಕ್ಕೆ ನಮೂದು ಸರಿಯಿದೆ ಎಂದಾಗುವುದಿಲ್ಲ. ಕೈಬರಹದ ಕಾಲದ ತಪ್ಪೊಂದು ಗಣಕಕ್ಕೆ ಹಾಗೆಯೇ ಏರಿದ್ದರೆ ಡಿಜಿಟಲ್ ಸಹಿ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ತೀರಿಕೊಂಡ ತಾತನ ಹೆಸರಿನಲ್ಲೇ ಖಾತೆ ಉಳಿದಿರುವುದು, ಪೋಡಿಯಾಗದ ಜಂಟಿ ಸರ್ವೆ ನಂಬರು, ಆಕಾರಬಂದಿಗೂ ಪಹಣಿಗೂ ತಾಳೆಯಾಗದ ವಿಸ್ತೀರ್ಣ ಇವೆಲ್ಲ ತಹಶೀಲ್ದಾರರ ಮುಂದೆ ಬಗೆಹರಿಯಬೇಕಾದ ವಿಷಯಗಳು.

ನಾಡಕಚೇರಿ ಮತ್ತು ಪಂಚಾಯತಿ

ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ 2012ರ ಕೊನೆಗೆ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭವಾದವು. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು, ಹಂಗಳ, ತೆರಕಣಾಂಬಿ, ಚಾಮರಾಜನಗರ ತಾಲ್ಲೂಕಿನ ಸಂತೇಮರಹಳ್ಳಿ, ಹರವೆ, ಹರದನಹಳ್ಳಿ, ಚಂದಕವಾಡಿ ಇಂಥ ಹೋಬಳಿಗಳು. ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರಗಳು ಇಲ್ಲಿಂದ ತಹಶೀಲ್ದಾರ್ ಇಲ್ಲವೇ ಉಪತಹಶೀಲ್ದಾರರ ಡಿಜಿಟಲ್ ಸಹಿಯೊಂದಿಗೆ ಹೊರಡುತ್ತವೆ. ಅವುಗಳ ಮೇಲಿನ ಆರ್‌ಡಿ ಸಂಖ್ಯೆ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಸಿಇಟಿ ಅರ್ಜಿಗೂ ರಾಜ್ಯ ವಿದ್ಯಾರ್ಥಿವೇತನದ ಅರ್ಜಿಗೂ ಆ ಸಂಖ್ಯೆ ಕೊಟ್ಟರೆ ವಿವರಗಳು ಮೂಲ ದತ್ತಾಂಶದಿಂದಲೇ ತಾಳೆಯಾಗುತ್ತವೆ. ಇಲ್ಲಿ ಕಾಗದ ಬರಿಯ ಪ್ರತಿ, ಮೂಲವೆಂದರೆ ಸರ್ವರಿನಲ್ಲಿರುವ ದಾಖಲೆ. ಆದ್ದರಿಂದ ಇಂಥ ಮುದ್ರಿತ ಪ್ರಮಾಣಪತ್ರಕ್ಕೆ ಮತ್ತೆ ಮೊಹರು ಒತ್ತಿಸುವುದರಿಂದ ಅದರ ಬಲ ಹೆಚ್ಚುವುದಿಲ್ಲ.

ಗ್ರಾಮ ಪಂಚಾಯತಿ ವ್ಯಾಪ್ತಿಯ ಮನೆ, ನಿವೇಶನಗಳಿಗೆ 2013ರಿಂದ ಇ-ಸ್ವತ್ತು ವ್ಯವಸ್ಥೆ ಬಂತು. ನಮೂನೆ 9 ಮತ್ತು 11 ಪಂಚಾಯತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಡಿಜಿಟಲ್ ಸಹಿಯೊಂದಿಗೆ ಸಿಗುತ್ತವೆ. ಚಾಮರಾಜನಗರ ನಗರಸಭೆ, ಗುಂಡ್ಲುಪೇಟೆ ಪುರಸಭೆಗಳ ವ್ಯಾಪ್ತಿಯಲ್ಲಿ ಇ-ಆಸ್ತಿ ತಂತ್ರಾಂಶದ ಇ-ಖಾತೆಯೇ ಈ ಕೆಲಸ ಮಾಡುತ್ತದೆ. ಡಿಜಿಲಾಕರ್‌ನಲ್ಲಿ ಇಲಾಖೆಯೇ ನೇರವಾಗಿ ಸೇರಿಸಿದ ದಾಖಲೆಗೆ 2016ರ ನಿಯಮಗಳು ಹಾಗೂ 2017ರ ಅವುಗಳ ತಿದ್ದುಪಡಿಯಿಂದ ಮೂಲಪ್ರತಿಯ ಸ್ಥಾನವಿದೆ. ನಾವೇ ಸ್ಕ್ಯಾನ್ ಮಾಡಿ ಏರಿಸಿಕೊಂಡ ಚಿತ್ರಕ್ಕೆ ಆ ಸ್ಥಾನವಿಲ್ಲ.

ಜಮೀನಿನ ನೋಂದಣಿ

ಉಪನೋಂದಣಿ ಕಚೇರಿಗಳು 2003ರ ಹೊತ್ತಿಗೆ ಕಾವೇರಿ ತಂತ್ರಾಂಶಕ್ಕೆ ಬಂದವು. 2023ರಲ್ಲಿ ಕಾವೇರಿ 2.0 ಜಾರಿಯಾಯಿತು. ಈಗ ಕಕ್ಷಿದಾರರು ಕ್ರಯಪತ್ರದ ವಿವರಗಳನ್ನು ಮೊದಲೇ ಆನ್‌ಲೈನಿನಲ್ಲಿ ತುಂಬುತ್ತಾರೆ. ಉಪನೋಂದಣಾಧಿಕಾರಿ ಪರಿಶೀಲಿಸಿದ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಅಲ್ಲೇ ಕಟ್ಟಿ, ಬರುವ ಸಮಯವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆ ಹೊತ್ತಿಗೆ ಕಚೇರಿಗೆ ಹೋಗಿ ಫೋಟೊ, ಹೆಬ್ಬೆಟ್ಟು ಕೊಡುತ್ತಾರೆ. 2024ರಲ್ಲಿ ಬಂದ ಎಲ್ಲಿಯಾದರೂ ನೋಂದಣಿ ವ್ಯವಸ್ಥೆಯಿಂದಾಗಿ ಗುಂಡ್ಲುಪೇಟೆಯ ಆಸ್ತಿಯನ್ನು ಜಿಲ್ಲೆಯೊಳಗಿನ ಬೇರೆ ಉಪನೋಂದಣಿ ಕಚೇರಿಯಲ್ಲೂ ನೋಂದಾಯಿಸಬಹುದು.

ಮೊದಲ ಅನುಸೂಚಿಯಿಂದ ಸ್ಥಿರಾಸ್ತಿ ಹೊರಬಂದಿದ್ದರೂ ಮೊಬೈಲಿನಲ್ಲಿ ಇ-ಸೈನ್ ಮಾಡಿದ ಮಾತ್ರಕ್ಕೆ ಜಮೀನು ಕೈಬದಲಾಗುವುದಿಲ್ಲ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೆ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮಿನಂತೆ ನೋಂದಣಿ ಬೇಕೇ ಬೇಕು. ಕರ್ನಾಟಕ ಮುದ್ರಾಂಕ ಕಾಯಿದೆ, 1957 ವಿದ್ಯುನ್ಮಾನ ದಾಖಲೆಯನ್ನೂ ಲಿಖಿತ ಪತ್ರವೆಂದೇ ಎಣಿಸುವುದರಿಂದ ಕಾಗದವಿಲ್ಲದ ಕರಾರಿಗೆ ಮುದ್ರಾಂಕ ಶುಲ್ಕದ ವಿನಾಯಿತಿಯೂ ಇಲ್ಲ. ನೋಂದಣಿ ಮುಗಿದ ಕೂಡಲೆ ಕಾವೇರಿಯಿಂದ ಭೂಮಿ ತಂತ್ರಾಂಶಕ್ಕೆ ಜೆ-ಸ್ಲಿಪ್ ಎಂಬ ಮಾಹಿತಿ ಚೀಟಿ ವಿದ್ಯುನ್ಮಾನವಾಗಿ ಹೋಗಿ ಮ್ಯುಟೇಶನ್ (ಖಾತೆ ಬದಲಾವಣೆ) ಆರಂಭವಾಗುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಅದಕ್ಕೆ ಮುನ್ನ ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಪಡೆಯಬೇಕು.

ಮಾರುಕಟ್ಟೆ: ಅರಿಸಿನದಿಂದ ತರಕಾರಿಯವರೆಗೆ

ಚಾಮರಾಜನಗರ ಜಿಲ್ಲೆ ಕರ್ನಾಟಕದ ಮುಖ್ಯ ಅರಿಸಿನ ಪ್ರದೇಶಗಳಲ್ಲೊಂದು. ಎಪಿಎಂಸಿಗಳಲ್ಲಿ ಹರಾಜಿನ ಬದಲು ಇ-ಟೆಂಡರು ನಡೆಸಲು ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯನ್ನು ಕಟ್ಟಿತು. ಅದರ ಏಕೀಕೃತ ಮಾರುಕಟ್ಟೆ ವೇದಿಕೆ 2014ರ ಫೆಬ್ರುವರಿ 22ರಂದು ಆರಂಭವಾಯಿತು. ಕೇಂದ್ರ ಸರ್ಕಾರದ ಇ-ನಾಮ್ ಬಂದದ್ದು 2016ರ ಏಪ್ರಿಲ್ 14ರಂದು.

ಈ ಪದ್ಧತಿಯಲ್ಲಿ ರೈತರ ಮಾಲಿಗೆ ಲಾಟ್ ಸಂಖ್ಯೆ ಸಿಗುತ್ತದೆ. ವರ್ತಕರು ಮಾಲು ನೋಡಿ ತಂತಮ್ಮ ಲಾಗಿನ್ನಿಂದ ದರ ಬರೆಯುತ್ತಾರೆ. ಗೊತ್ತಾದ ಸಮಯಕ್ಕೆ ಅತಿ ಹೆಚ್ಚಿನ ದರ ಘೋಷಣೆಯಾಗಿ ರೈತರ ಮೊಬೈಲಿಗೆ ಸಂದೇಶ ಬರುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತರು ಬೇಡವೆನ್ನಬಹುದು. ಒಪ್ಪಿದರೆ ತೂಕ, ಬಿಲ್ಲು, ಹಣ ಪಾವತಿ ನಡೆಯುತ್ತವೆ. ಕಾನೂನಿನ ಕಣ್ಣಲ್ಲಿ ವರ್ತಕರು ಬರೆದ ದರ ಪ್ರಸ್ತಾಪ, ರೈತರ ಸಮ್ಮತಿಯೇ ಸ್ವೀಕಾರ. ಇಲ್ಲಿ ಯಾರೂ ಡಿಜಿಟಲ್ ಸಹಿ ಹಾಕಿಲ್ಲ. ಆದರೂ 10ಎ ಕಲಮಿನ ಬಲದಿಂದ ಕರಾರು ಊರ್ಜಿತ. ವರ್ತಕರ ಲಾಗಿನ್ನಿಂದ ಅವರ ಪರವಾಗಿ ಬಂದ ದರಕ್ಕೆ 11ನೆಯ ಕಲಮಿನಂತೆ ಅವರೇ ಹೊಣೆ. ವಿದ್ಯುನ್ಮಾನ ವ್ಯವಹಾರಕ್ಕೆಲ್ಲ ಡಿಜಿಟಲ್ ಸಹಿ ಬೇಕೆಂಬ ತಿಳಿವಳಿಕೆ ಸರಿಯಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಸಹಿ ಬೇಕೆಂದು ಬೇರೊಂದು ಕಾನೂನು ವಿಧಿಸಿರುವಲ್ಲಿ ಮಾತ್ರ ಅದು ಕಡ್ಡಾಯ.

ತೆರಕಣಾಂಬಿ, ಗುಂಡ್ಲುಪೇಟೆಗಳ ತರಕಾರಿ ವಹಿವಾಟು ಹೆಚ್ಚಾಗಿ ಫೋನಿನ ಮಾತು, ವಾಟ್ಸ್‌ಆ್ಯಪ್ ಸಂದೇಶಗಳ ಮೇಲೆ ನಡೆಯುತ್ತದೆ. ಟೊಮೆಟೊ, ಸಣ್ಣ ಈರುಳ್ಳಿಗೆ ತಮಿಳುನಾಡು, ಕೇರಳದ ವ್ಯಾಪಾರಿಗಳು ದರ ಕೇಳುವುದು, ಇಲ್ಲಿನವರು ಒಪ್ಪುವುದು, ಲಾರಿ ಬರುವುದು ಎಲ್ಲ ಅದರಲ್ಲೇ. ಓಣಂ ಹೊತ್ತಿನ ಚೆಂಡುಹೂವಿಗೂ ಇದೇ ದಾರಿ. ಇಂಥ ಸಂದೇಶಗಳಿಂದಲೂ ಕರಾರು ಹುಟ್ಟುತ್ತದೆ. ತಕರಾರು ಬಂದಾಗ ಅದನ್ನು ರುಜುವಾತು ಮಾಡುವುದೇ ಕಷ್ಟ.

ಗಡಿ ದಾಟುವ ವ್ಯವಹಾರ

ಗುಂಡ್ಲುಪೇಟೆಯಿಂದ ಒಂದು ಹೆದ್ದಾರಿ ವಯನಾಡಿಗೂ ಇನ್ನೊಂದು ಊಟಿಗೂ ಕವಲೊಡೆಯುತ್ತದೆ. ಮೂರು ರಾಜ್ಯಗಳ ಮೊಬೈಲು ಜಾಲಗಳು ಒಂದರಮೇಲೊಂದು ಹಾಯುವ ಇಂಥ ಕಡೆ ಕರಾರು ಎಲ್ಲಿ ಆಯಿತೆಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 13ನೆಯ ಕಲಂ ಉತ್ತರಿಸುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಸಂದೇಶ ಹೊರಟ ಸ್ಥಳವೆಂದರೆ ಕಳಿಸಿದವರ ವ್ಯವಹಾರದ ಸ್ಥಳ, ತಲುಪಿದ ಸ್ಥಳವೆಂದರೆ ಪಡೆದವರ ವ್ಯವಹಾರದ ಸ್ಥಳ. ವ್ಯವಹಾರದ ಸ್ಥಳ ಇಲ್ಲದವರಿಗೆ ವಾಸಸ್ಥಳವೇ ಲೆಕ್ಕ. ಆ ಕ್ಷಣಕ್ಕೆ ಫೋನು ಯಾವ ಗೋಪುರದ ಸಿಗ್ನಲ್ ಹಿಡಿದಿತ್ತು, ಸರ್ವರ್ ಎಲ್ಲಿತ್ತು ಎಂಬುದು ಗಣನೆಗೆ ಬರುವುದಿಲ್ಲ.

ಸರಕು ಸಾಗಣೆಯ ಕಾಗದಗಳೂ ವಿದ್ಯುನ್ಮಾನವಾಗಿವೆ. ಜಿಎಸ್‌ಟಿಗೂ ಮೊದಲೇ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಇ-ಸುಗಮ್ ಎಂಬ ವಿದ್ಯುನ್ಮಾನ ಸಾಗಣೆ ಚೀಟಿಯನ್ನು ಜಾರಿಗೆ ತಂದಿತ್ತು. ಜಿಎಸ್‌ಟಿಯ ಇ-ವೇ ಬಿಲ್ ಪದ್ಧತಿಗೆ 2017ರ ಸೆಪ್ಟೆಂಬರಿನಲ್ಲೇ ಕಾಲಿಟ್ಟ ಮೊದಲ ರಾಜ್ಯವೂ ಕರ್ನಾಟಕವೇ. ಅಂತರರಾಜ್ಯ ಸಾಗಣೆಗೆ 2018ರ ಏಪ್ರಿಲ್ 1ರಿಂದ ಈ ಬಿಲ್ ದೇಶವ್ಯಾಪಿ ಕಡ್ಡಾಯವಾಯಿತು. ಚಾಮರಾಜನಗರದ ಕರಿಕಲ್ಲಾಗಲಿ ಒಣ ಅರಿಸಿನವಾಗಲಿ 50,000 ರೂಪಾಯಿ ಮೀರಿದರೆ ಈ ಬಿಲ್ ಬೇಕು. ತೆರಿಗೆಯಿಲ್ಲದ ಹಸಿ ತರಕಾರಿಗೆ ಬೇಡ.

ಹಣ ಪಾವತಿ

ವಿದ್ಯುನ್ಮಾನ ಪಾವತಿಗೆ ಪ್ರತ್ಯೇಕ ಕಾನೂನು ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆ, 2007. 2016ರಲ್ಲಿ ಬಂದ ಯುಪಿಐ ಇದರ ಅಡಿಯಲ್ಲಿದೆ. ಯುಪಿಐ ಪಿನ್ ಮಾಹಿತಿ ತಂತ್ರಜ್ಞಾನ ಕಾಯಿದೆಯ ಅರ್ಥದ ವಿದ್ಯುನ್ಮಾನ ಸಹಿಯಲ್ಲ. ಅದು ಪಾವತಿಗೆ ಅನುಮತಿ ಕೊಡುವ ಗುಟ್ಟಿನ ಸಂಖ್ಯೆ. ಖಾತೆಯಲ್ಲಿ ಹಣವಿಲ್ಲದೆ ವಿದ್ಯುನ್ಮಾನ ವರ್ಗಾವಣೆಯ ಆದೇಶ ವಿಫಲವಾದರೆ, ಚೆಕ್ ಬೌನ್ಸಿನಂತೆ ಇದೂ 2007ರ ಪಾವತಿ ಕಾಯಿದೆಯ 25ನೆಯ ಕಲಮಿನ ಷರತ್ತುಗಳಿಗೆ ಒಳಪಟ್ಟು ಅಪರಾಧ. ಸಾಲದ ಕಂತಿಗೆ ಆಟೊ ಡೆಬಿಟ್ ಒಪ್ಪಿಗೆ ಕೊಟ್ಟವರಿಗೆ ಇದು ಗೊತ್ತಿರಬೇಕು.

ಅನುಮತಿಯಿಲ್ಲದೆ ಖಾತೆಯಿಂದ ಹಣ ಹೋದರೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕರ ಹೊಣೆಗೆ ಮಿತಿ ಹಾಕಿದೆ. ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ಲೋಪವಿಲ್ಲದೆ ಮೂರನೆಯವರಿಂದ ವಂಚನೆಯಾಗಿದ್ದು, 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ಒಟಿಪಿ, ಪಿನ್ ತಾವೇ ಹೇಳಿಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ.

ನ್ಯಾಯಾಲಯದಲ್ಲಿ ರುಜುವಾತು

ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿ ಅಥವಾ ಪೆನ್‌ಡ್ರೈವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಬೇಕೆಂದು ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಂ ಹೇಳುತ್ತಿತ್ತು. ಈ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2014ರ ಅನ್ವರ್–ಬಷೀರ್ ಪ್ರಕರಣದಲ್ಲಿ ತೀರ್ಪಿತ್ತು, 2020ರ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಅದನ್ನು ಮತ್ತೆ ದೃಢಪಡಿಸಿತು. ಮೂಲ ಫೋನನ್ನೇ ತಂದು ಅದರ ಒಡೆಯರು ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಕಿಲ್ಲ. ಆರೋಪಪಟ್ಟಿಯ ಜೊತೆಗೇ ಪ್ರಮಾಣಪತ್ರ ಇರಲಿಲ್ಲವೆಂಬುದು ಮಾರಕವಲ್ಲ, ವಿಚಾರಣೆಯಲ್ಲಿ ಹಾಜರುಪಡಿಸಬಹುದು ಎಂಬುದು ಕರ್ನಾಟಕ ಲೋಕಾಯುಕ್ತ ಪೊಲೀಸರ ಮೇಲ್ಮನವಿಯೊಂದರಲ್ಲಿ 2019ರಲ್ಲಿ ಬಂದ ತೀರ್ಪು.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ 65ಬಿಯ ಜಾಗಕ್ಕೆ ಬಂದಿದೆ. ಅದರ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದನ್ನು ದಾಖಲೆ ಒಪ್ಪಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಅದೇ ದಿನ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಪೊಲೀಸರಿಗೆ ವಿದ್ಯುನ್ಮಾನವಾಗಿಯೂ ದೂರು ಕೊಡಬಹುದು. ಆದರೆ ದೂರುದಾರರು 3 ದಿನಗಳೊಳಗೆ ಅದಕ್ಕೆ ಸಹಿ ಹಾಕಬೇಕು.

ಹೊಣೆ, ಅಪರಾಧ, ಪರಿಹಾರ

ಗುಟ್ಟಿನ ಕೀಲಿಯನ್ನು ಜೋಪಾನವಾಗಿ ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವುದು ಸಹಿದಾರರ ಕರ್ತವ್ಯವೆಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಂ ವಿಧಿಸುತ್ತದೆ. ಕೆಲಸದ ಒತ್ತಡಕ್ಕೋ ಅನುಕೂಲಕ್ಕೋ ಟೋಕನ್ನನ್ನೂ ಪಾಸ್‌ವರ್ಡನ್ನೂ ಕಂಪ್ಯೂಟರ್ ಆಪರೇಟರ ಕೈಗೆ ಕೊಟ್ಟುಬಿಡುವುದು ಇಡೀ ವ್ಯವಸ್ಥೆಯ ಅತಿ ದುರ್ಬಲ ಕೊಂಡಿ. ಆ ಟೋಕನ್ನಿನಿಂದ ಹೊರಟ ಪ್ರತಿ ಸಹಿಯೂ ಮೇಲ್ನೋಟಕ್ಕೆ ಅಧಿಕಾರಿಯದೇ; ತಾನು ಹಾಕಿಲ್ಲವೆಂದು ತೋರಿಸುವ ಭಾರ ಅವರ ಮೇಲೆಯೇ ಬೀಳುತ್ತದೆ. ಬೇರೆಯವರ ವಿದ್ಯುನ್ಮಾನ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ 66ಸಿ ಕಲಮಿನ ಪ್ರಕಾರ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ.

ಅಪರಾಧದ ದೂರಿಗೆ ಜಿಲ್ಲಾ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಿದೆ. ಹಣ ಕಳೆದುಕೊಂಡಾಗ ತಕ್ಷಣ ಕರೆ ಮಾಡಬೇಕಾದ ರಾಷ್ಟ್ರೀಯ ಸಹಾಯವಾಣಿ 1930. ಕಾಯಿದೆಯಡಿಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. 5 ಕೋಟಿ ರೂಪಾಯಿವರೆಗಿನ ನಷ್ಟಪರಿಹಾರದ ಅರ್ಜಿಯನ್ನು ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ ನ್ಯಾಯನಿರ್ಣಯಾಧಿಕಾರಿಯಾಗಿ ವಿಚಾರಿಸುತ್ತಾರೆ. ಈ ಕಚೇರಿ ಬೆಂಗಳೂರಿನಲ್ಲಿದೆ.

ಮಿತಿಗಳು

ಡಿಜಿಟಲ್ ಸಹಿಯ ಪಿಡಿಎಫ್ ಕಡತವನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಸಹಿಯ ಮೇಲೆ ಹಲವು ಸಲ ಪ್ರಶ್ನೆಚಿಹ್ನೆ ಕಾಣುತ್ತದೆ. ಭಾರತದ ಮೂಲ ಪ್ರಮಾಣಪತ್ರವನ್ನು ಆ ತಂತ್ರಾಂಶ ನಂಬಿಕೆಯ ಪಟ್ಟಿಗೆ ಸೇರಿಸಿಕೊಂಡಿಲ್ಲವೆಂದಷ್ಟೇ ಅದರ ಅರ್ಥವಾಗಿರಬಹುದು. ಸಹಿ ಖೋಟಾ ಎಂದು ತೀರ್ಮಾನಿಸುವಂತಿಲ್ಲ. ಮುದ್ರಿಸಿದ ಕಾಗದದಿಂದ ಸಹಿಯನ್ನು ಪರೀಕ್ಷಿಸಲು ಬರುವುದಿಲ್ಲವಾದ್ದರಿಂದ ಅದರ ಮೇಲಿನ ಸಂಖ್ಯೆ ಅಥವಾ ಕ್ಯುಆರ್ ಕೋಡಿನಿಂದ ಇಲಾಖೆಯ ಜಾಲತಾಣದಲ್ಲಿ ತಾಳೆ ನೋಡಬೇಕು. ಪಿಡಿಎಫ್ ಕಡತವನ್ನು ಅಳಿಸದೆ ಉಳಿಸಿಕೊಳ್ಳುವುದು ಜಾಣತನ.

ಬಂಡೀಪುರದ ಅಂಚಿನ ಹಾಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಸಿಗ್ನಲ್ ಸಿಗದ ಜಾಗಗಳಿವೆ. ಒಟಿಪಿ ಬಾರದಿದ್ದರೆ ಇ-ಸೈನ್ ಆಗುವುದಿಲ್ಲ. ಕೂಲಿ ಕೆಲಸದಲ್ಲಿ ಸವೆದ ಬೆರಳಿನ ಗೆರೆಗಳನ್ನು ಯಂತ್ರ ಗುರುತಿಸದಿರುವುದೂ ಉಂಟು. ಬೇರೆಯವರ ಮೊಬೈಲಿನಿಂದ, ಬೇರೆಯವರು ಓದಿ ಹೇಳಿದ್ದನ್ನು ನಂಬಿ ಕೊಡುವ ಒಪ್ಪಿಗೆ ಕಾನೂನಿಗೆ ಸರಿಯಿದ್ದರೂ ತಿಳಿದು ಕೊಟ್ಟ ಒಪ್ಪಿಗೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಹೆಬ್ಬೆಟ್ಟಿನ ಕಾಲದಲ್ಲಿ ಪತ್ರವನ್ನು ಓದಿ ಹೇಳಿದವರ ಹೆಸರನ್ನು ಕೆಳಗೆ ಬರೆಯುವ ರೂಢಿಯಿತ್ತು. ಇ-ಸೈನ್‌ಗೆ ಅಂಥ ಏರ್ಪಾಡಿಲ್ಲ.

ಒಟ್ಟಿನಲ್ಲಿ, ಕಾಗದಕ್ಕೂ ಪರದೆಗೂ ನಡುವೆ ಕಾನೂನಿನಲ್ಲಿದ್ದ ತಾರತಮ್ಯ ಕಾಲು ಶತಮಾನದಲ್ಲಿ ಬಹುಮಟ್ಟಿಗೆ ಹೋಗಿದೆ. ದಾಖಲೆ ಎಲ್ಲಿಂದ ಬಂತು, ನಡುವೆ ತಿದ್ದಲಾಗಿದೆಯೇ ಎಂಬ ಹಳೆಯ ಜಗಳಗಳಿಗೆ ಡಿಜಿಟಲ್ ಸಹಿ ಗಟ್ಟಿ ಉತ್ತರ ಕೊಡುತ್ತದೆ. ಅದರೊಳಗೆ ಬರೆದಿರುವುದು ನಿಜವೇ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. ಪಹಣಿಯ ನಮೂದು ತಪ್ಪಾಗಿದೆ ಎನ್ನುವವರು ಇಂದಿಗೂ ಭೂಕಂದಾಯ ಕಾಯಿದೆಯ 136ನೆಯ ಕಲಮಿನಂತೆ ಮೇಲ್ಮನವಿ ಹಾಕಬೇಕು. ಹಕ್ಕಿನ ಪ್ರಶ್ನೆಯಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು.